ಹುಲಿ ಗೂಡಿನ ಹಾದಿಯಲ್ಲಿ ನಾವು ನಾಲ್ವರು

ಆ ಫೋಟೋವನ್ನು ನೀವು ನೋಡಿಯೇ ಇರುತ್ತೀರಿ. ಕಡಿದಾದ ಬಂಡೆಗೆ ಯಾರೋ ಅಂಟಿಸಿಟ್ಟ ಹಾಗಿರುವ ಬಿಳಿ ಕಟ್ಟಡಗಳು, ಮೇಲೆ ಹೊನ್ನಿನ ಬಣ್ಣದ ಚಾವಣಿ, ಕೆಳಗೆ ನೇರ ಪ್ರಪಾತ. ಭೂತಾನ್ ಅಂದ ಕೂಡಲೇ ಕಣ್ಣಿಗೆ ಬರುವುದು ಅದೊಂದೇ ಚಿತ್ರ. ಹೆಸರು ಪಾರೊ ತಕ್ಸಾಂಗ್. ಅಲ್ಲಿನ ಭಾಷೆಯಲ್ಲಿ ‘ತಕ್’ ಅಂದರೆ ಹುಲಿ, ‘ಸಾಂಗ್’ ಅಂದರೆ ಅದರ ಗೂಡು. ಪ್ರವಾಸಿಗರ ಬಾಯಲ್ಲಿ ಅದು ಟೈಗರ್ಸ್ ನೆಸ್ಟ್.

ಫೋಟೋ ಹೇಳದ ಸಂಗತಿಗಳು ಎರಡಿವೆ. ಒಂದು, ಅಲ್ಲಿಗೆ ಕಾರು ಹೋಗುವುದಿಲ್ಲ, ಬಸ್ಸು ಹೋಗುವುದಿಲ್ಲ, ಪ್ರವಾಸಿಗರಿಗೆ ರೋಪ್‌ವೇಯೂ ಇಲ್ಲ, ಕಾಲನ್ನೇ ನಂಬಬೇಕು. ಇನ್ನೊಂದನ್ನು ಅರ್ಧ ದಾರಿಯಲ್ಲಿ ಹೇಳುತ್ತೇನೆ. ನಮಗೂ ಅದು ಗೊತ್ತಾದದ್ದು ಅರ್ಧ ದಾರಿಯಲ್ಲೇ.

ಕಳೆದ ದಸರಾ ರಜೆಯಲ್ಲಿ ನಾವು ನಾಲ್ವರು ಹೊರಟೆವು. ನಾಲ್ವರೂ ಒಂದೇ ಕಾಲೇಜಿನಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿದವರು. ಈಗ ಸಿಮೆಂಟು, ಜಲ್ಲಿಯ ಸಹವಾಸದಲ್ಲಿ ಉಳಿದಿರುವವಳು ಮೈಸೂರಿನ ಗೆಳತಿ ಒಬ್ಬಳೇ. ಹುಬ್ಬಳ್ಳಿಯವನು ಬ್ಯಾಂಕ್ ಪರೀಕ್ಷೆ ಬರೆದು ಅಲ್ಲಿ ಸೇರಿದ. ತೀರ್ಥಹಳ್ಳಿಯವನೂ ನಾನೂ ಬೆಂಗಳೂರಿನಲ್ಲಿ ಸಾಫ್ಟ್‌ವೇರ್. ಬೇರೆ ಬೇರೆ ಕಂಪನಿ, ಒಂದೇ ಔಟರ್ ರಿಂಗ್ ರೋಡು. ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ‘ಈ ಸಲ ಹೋಗಲೇಬೇಕು’ ಅಂತ ನಾಲ್ಕೈದು ವರ್ಷ ಮಾತಾಡಿದ್ದೇ ಆಗಿತ್ತು. ಕೊನೆಗೆ ಆಯುಧಪೂಜೆ, ವಿಜಯದಶಮಿಗೆ ಹಿಂದೆಮುಂದೆ ರಜೆ ಜೋಡಿಸಿ ಟಿಕೆಟ್ ತೆಗೆದವಳು ಮೈಸೂರಿನವಳು. ಭೂತಾನಿನಲ್ಲೂ ದಸರೆಗೆ ಸರ್ಕಾರಿ ರಜೆ ಇದೆ, ಅಲ್ಲಿ ಅದು ‘ದಸೈನ್’ ಅಂತ ಗೊತ್ತಾದಾಗ ಹುಬ್ಬಳ್ಳಿಯವನಿಗೆ ಖುಷಿಯೋ ಖುಷಿ. “ಅಂದ್ರ ನಾವು ಹಬ್ಬ ಬಿಟ್ಟು ಹೊಂಟಿಲ್ಲ, ಹಬ್ಬಕ್ಕ ಹೊಂಟೀವಿ ಅಂತ ಮನ್ಯಾಗ ಹೇಳಬಹುದು!”

ಬರುವುದಿಲ್ಲ ಅಂತ ಹಟ ಹಿಡಿದವನು ತೀರ್ಥಹಳ್ಳಿಯವನು. ಅವನ ಅಪ್ಪ ತೀರಿಕೊಂಡು ಒಂದು ವರ್ಷ ಆಗಿತ್ತಷ್ಟೆ. ಸಾಲದ್ದಕ್ಕೆ, ಈ ಸಲದ ಮಳೆಗೆ ಊರಿನ ಹಳೇ ಮನೆಯ ಒಂದು ಪಕ್ಕದ ಮಾಡು ಕುಸಿದಿತ್ತು. ತೊಟ್ಟಿಮನೆ, ಅಜ್ಜನ ಕಾಲದ್ದು. ಅಣ್ಣ ಶಿವಮೊಗ್ಗದಲ್ಲಿ. ಪೂರ್ತಿ ಕೆಡವಿ ಆರ್‌ಸಿಸಿ ಹಾಕೋಣ, ಇಲ್ಲವೇ ಜಾಗ ಕೊಟ್ಟುಬಿಡೋಣ ಅನ್ನುವುದು ಅಣ್ಣನ ಮಾತು. ದೀಪಾವಳಿಯೊಳಗೆ ಇವನು ಏನಾದರೊಂದು ಹೇಳಬೇಕಿತ್ತು. “ತಲೆ ಸರಿ ಇಲ್ಲ ಮಾರಾಯ, ನೀವು ಹೋಗಿಬನ್ನಿ” ಅಂದ. ತಲೆ ಸರಿ ಇಲ್ಲದವರೇ ಬೆಟ್ಟ ಹತ್ತಬೇಕಾದ್ದು ಅಂತ ಅವಳು ಅವನ ಟಿಕೆಟ್ಟನ್ನೂ ತೆಗೆದೇಬಿಟ್ಟಳು.

ಹಾರ್ನ್ ಇಲ್ಲದ ದೇಶಕ್ಕೆ

ಬೆಂಗಳೂರಿನಿಂದ ಬಾಗ್ಡೋಗ್ರಾಕ್ಕೆ ವಿಮಾನ. ಅಲ್ಲಿಂದ ಚಹಾ ತೋಟಗಳ ನಡುವೆ ನಾಲ್ಕು ಗಂಟೆ ಕಾರಿನಲ್ಲಿ ಹೋದರೆ ಬಂಗಾಳದ ಗಡಿ ಊರು ಜೈಗಾಂವ್. ಊರ ನಡುವೆಯೇ ಬಣ್ಣದ ಹೆಬ್ಬಾಗಿಲು. ಆಚೆ ದಾಟಿದರೆ ಭೂತಾನಿನ ಫುಂಟ್‌ಶೋಲಿಂಗ್. ಈ ಕಡೆ ಆಟೋ, ಲಾರಿ, ಹಾರ್ನು, ಜನ. ಆ ಕಡೆ ಇದ್ದಕ್ಕಿದ್ದಂತೆ ಯಾರೋ ವಾಲ್ಯೂಮ್ ಇಳಿಸಿದ ಹಾಗೆ. ಗಡಿಯಾರವನ್ನು ಅರ್ಧ ಗಂಟೆ ಮುಂದಕ್ಕೆ ತಿರುಗಿಸಿಕೊಂಡೆವು. ನಮ್ಮ ರೂಪಾಯಿಗೂ ಅವರ ಙುಲ್‌ಟ್ರಮ್‌ಗೂ ಒಂದಕ್ಕೊಂದು ಸಮ, ಹಾಗಾಗಿ ಲೆಕ್ಕ ಹಾಕುವ ತಲೆಬಿಸಿ ಇಲ್ಲ.

ಎರಡು ದಿನ ಥಿಂಪುವಿನಲ್ಲಿದ್ದೆವು. ಎತ್ತರಕ್ಕೆ ಮೈ ಒಗ್ಗಬೇಕಲ್ಲ. ಅಲ್ಲಿ ನಮ್ಮ ಮೈಸೂರಿನವಳು ಹಟ ಮಾಡಿ ನೋಡಿದ ಜಾಗ ಒಂದಿದೆ: 1971ರಲ್ಲಿ ಶುರುವಾದ ‘ಜೋರಿಗ್ ಚುಸುಮ್’ ಸಂಸ್ಥೆ. ಜೋರಿಗ್ ಚುಸುಮ್ ಅಂದರೆ ಹದಿಮೂರು ಕಸುಬುಗಳು. ಮರಗೆಲಸ, ಕಲ್ಲು ಕೆಲಸ, ಮಣ್ಣಿನ ಮೂರ್ತಿ, ಚಿತ್ರ, ಕಸೂತಿ, ನೇಯ್ಗೆ ಹೀಗೆ. ನಮ್ಮಲ್ಲಿ ಐಟಿಐ ಸೇರುವ ವಯಸ್ಸಿನ ಹುಡುಗ ಹುಡುಗಿಯರು ಸಾಲಾಗಿ ಕೂತು, ಬುದ್ಧನ ಮುಖದ ಅಳತೆಗೆ ಹಾಳೆಯ ಮೇಲೆ ಗೆರೆ ಎಳೆಯುತ್ತಿದ್ದರು. ಪಕ್ಕದ ಕೋಣೆಯಲ್ಲಿ ಉಳಿಯ ಸದ್ದು. ಸುಮ್ಮನೆ ನೋಡಿ ಬಂದೆವು. ಆ ಸದ್ದು ಯಾಕೆ ಮುಖ್ಯ ಅನ್ನುವುದು ಆಮೇಲೆ ತಿಳಿಯಿತು.

ಕಾರು ನಿಲ್ಲುವಲ್ಲೇ ಮುಳ್ಳಯ್ಯನಗಿರಿಗಿಂತ ಎತ್ತರ

ಪಾರೊ ಪಟ್ಟಣದಿಂದ ತಕ್ಸಾಂಗ್‌ನ ಬುಡಕ್ಕೆ ಸುಮಾರು ಹತ್ತು ಕಿಲೋಮೀಟರ್. ಬೆಳಿಗ್ಗೆ ಏಳೂವರೆಗೆ ಅಲ್ಲಿದ್ದೆವು. ಕಾರು ನಿಲ್ಲಿಸುವ ಜಾಗವೇ ಸಮುದ್ರಮಟ್ಟದಿಂದ ಸುಮಾರು 2,600 ಮೀಟರ್ ಎತ್ತರದಲ್ಲಿದೆ. ನಮ್ಮ ರಾಜ್ಯದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ 1,930 ಮೀಟರ್. ಅಂದರೆ ನಾವು ಹತ್ತಲು ಶುರುಮಾಡುವ ಮುಂಚೆಯೇ ಕರ್ನಾಟಕದ ನೆತ್ತಿಯನ್ನು ದಾಟಿಯಾಗಿತ್ತು. ಮಠ ಇರುವುದು 3,120 ಮೀಟರಿನಲ್ಲಿ. ಕುಮಾರಪರ್ವತ ಹತ್ತಿದ ಕಾಲುಗಳಿಗೆ ಇದು ದೊಡ್ಡ ದೂರವೇನಲ್ಲ. ಕಾಲು ತಯಾರಿರುತ್ತದೆ, ಉಸಿರು ತಯಾರಿರುವುದಿಲ್ಲ. ಇಪ್ಪತ್ತು ಹೆಜ್ಜೆಗೊಮ್ಮೆ ಎದೆ ‘ಒಂದ್ನಿಮಿಷ’ ಅನ್ನುತ್ತದೆ.

ನಮ್ಮ ಗೈಡ್ ಪಾರೊದವನೇ. ಮೊಣಕಾಲಿನವರೆಗೆ ಬರುವ ‘ಘೋ’ ಉಟ್ಟು, ಉದ್ದ ಕಾಲುಚೀಲ ತೊಟ್ಟು, ಮನೆ ಅಂಗಳದಲ್ಲಿ ಅಡ್ಡಾಡುವವನ ಹಾಗೆ ನಡೆಯುತ್ತಿದ್ದ. ಹಿಂದಿ ಸಿನಿಮಾ ನೋಡಿ ಕಲಿತ ಹಿಂದಿ. ಪ್ರತಿ ಮಾತಿನ ಕೊನೆಗೂ ಒಂದು ‘ಲಾ’. “ನಿಧಾನ ಲಾ, ನೀರು ಕುಡೀರಿ ಲಾ.” ಅದು ಮರ್ಯಾದೆಯ ‘ಲಾ’. “ಅಂದ್ರ ನಮ್ಮ ‘ರೀ’ ಇದ್ದಂಗ” ಅಂತ ಹುಬ್ಬಳ್ಳಿಯವನು ಕೂಡಲೇ ಅರ್ಥ ಮಾಡಿಕೊಂಡ. ಆಮೇಲೆ ಎದುರಿಗೆ ಸಿಕ್ಕವರಿಗೆಲ್ಲ “ಕುಜುಜಾಂಗ್‌ಪೋ ಲಾ” ಅಂತ ನಮಸ್ಕಾರ ಹೇಳುತ್ತ ಹೊರಟ. ಇಳಿದು ಬರುತ್ತಿದ್ದ ಒಬ್ಬರು ಅಜ್ಜಿ ನಿಂತು, ಇವನ ಕೆನ್ನೆ ಮುಟ್ಟಿ ನಕ್ಕು ಹೋದರು. ಅಜ್ಜಿಗೆ ಎಪ್ಪತ್ತಾದರೂ ಆಗಿತ್ತು. ನಮ್ಮಷ್ಟು ಏದುಸಿರು ಅವರಿಗಿರಲಿಲ್ಲ.

ದಾರಿಯ ಶುರುವಿನಲ್ಲೇ ನೀರಿನಿಂದ ತಿರುಗುವ ಪ್ರಾರ್ಥನಾ ಚಕ್ರಗಳು ಸಿಗುತ್ತವೆ. ತೊರೆಗೆ ಅಡ್ಡ ಒಂದು ಪುಟ್ಟ ಬಿಳಿ ಗುಡಿ, ಒಳಗೆ ಮಂತ್ರ ತುಂಬಿದ ಚಕ್ರ, ಕೆಳಗೆ ಅದನ್ನು ತಿರುಗಿಸುವ ನೀರು. ಜಪ ಮಾಡುವ ಕೆಲಸ ತೊರೆಗೆ ವಹಿಸಿ ಜನ ತಮ್ಮ ಪಾಡಿಗೆ ಹೊಲಕ್ಕೆ ಹೋಗಬಹುದು. ಇಲ್ಲಿಯೂ ನಮ್ಮ ಪ್ರದಕ್ಷಿಣೆಯ ನಿಯಮವೇ: ಬಲಗೈ ಚಕ್ರದ ಕಡೆಗಿರಬೇಕು.

ಆಮೇಲೆ ಕಾಡು. ಪೈನ್, ಓಕ್ ಮರಗಳ ಕೊಂಬೆಯಿಂದ ಬಿಳಿಹಸಿರು ಗಡ್ಡದ ಹಾಗೆ ಇಳಿಬಿದ್ದ ಕಲ್ಲುಹೂವು. ಮರದಿಂದ ಮರಕ್ಕೆ ಕಟ್ಟಿದ ಪ್ರಾರ್ಥನಾ ಬಾವುಟಗಳು: ನೀಲಿ, ಬಿಳಿ, ಕೆಂಪು, ಹಸಿರು, ಹಳದಿ. ನಡುವೆ ದಾರಿ ಬಿಡಿ ಅಂತ ಗಂಟೆ ಕುಣಿಸುತ್ತ ಬರುವ ಕುದುರೆಗಳು. ಹತ್ತಲಾಗದವರು ಅರ್ಧ ದಾರಿಯವರೆಗೆ ಕುದುರೆ ಮಾಡಿಕೊಳ್ಳಬಹುದು. ಇಳಿಯುವಾಗ ಮಾತ್ರ ಎಲ್ಲರೂ ನಡೆಯಲೇಬೇಕು. ತೀರ್ಥಹಳ್ಳಿಯವನು ಎಲ್ಲರಿಗಿಂತ ಹಿಂದೆ ಇದ್ದ. ಕುಂದಾದ್ರಿ, ಕವಲೆದುರ್ಗ ಅಂತ ಬೆಟ್ಟದಲ್ಲೇ ಬೆಳೆದವನು, ಹಿಂದೆ ಬೀಳುವ ಕಾಲಲ್ಲ ಅವನದು. ಮಾತಿಲ್ಲ, ಫೋನು ನೋಡುವುದು, ಜೇಬಿಗೆ ಹಾಕುವುದು. ಅಣ್ಣನ ಮೆಸೇಜು ಬಂದಿತ್ತು ಅಂತ ಕಾಣುತ್ತದೆ. ನಾವೂ ಕೇಳಲಿಲ್ಲ. ಅವನನ್ನು ಮುಂದೆ ಬಿಟ್ಟು ನಾವು ಹಿಂದೆ ಬಂದೆವು.

ಅರ್ಧ ದಾರಿಯ ಸುದ್ದಿ

ಕುಮಾರಪರ್ವತಕ್ಕೆ ಗಿರಿಗದ್ದೆಯ ಭಟ್ಟರ ಮನೆ ಹೇಗೋ, ತಕ್ಸಾಂಗ್‌ಗೆ ಅರ್ಧ ದಾರಿಯ ಕೆಫೆಟೇರಿಯಾ ಹಾಗೆ. ಕುಳಿತರೆ ಎದುರಿಗೇ ಮಠ. ಕಣಿವೆಯ ತಳದಿಂದ ಸುಮಾರು 900 ಮೀಟರ್ ಎತ್ತರದಲ್ಲಿ, ಬಂಡೆಯ ಎದೆಗೆ ಒರಗಿ ನಿಂತಿದೆ. ಕೆಲವರು ಇಲ್ಲಿಂದಲೇ ಫೋಟೋ ತೆಗೆದು ಹಿಂದಿರುಗುತ್ತಾರೆ. ನಾವು ಬಿಸ್ಕತ್ತು, ಬೆಣ್ಣೆ ಚಹಾ ತೆಗೆದುಕೊಂಡು ಕೂತೆವು. ‘ಸುಜಾ’ ಅನ್ನುವ ಆ ಚಹಾಕ್ಕೆ ಬೆಣ್ಣೆ, ಉಪ್ಪು ಹಾಕುತ್ತಾರೆ. ಚಹಾ ಅಂತ ಕುಡಿದರೆ ಮುಖ ಕಿವುಚಿಕೊಳ್ಳುತ್ತದೆ. ಸೂಪು ಅಂದುಕೊಂಡು ಕುಡಿದರೆ ಚೆನ್ನಾಗಿದೆ.

ಗೈಡ್ ಕಥೆ ಹೇಳಿದ. ಎಂಟನೇ ಶತಮಾನದಲ್ಲಿ ಗುರು ಪದ್ಮಸಂಭವ ಹುಲಿಯ ಬೆನ್ನೇರಿ ಹಾರಿ ಇಲ್ಲಿಗೆ ಬಂದರು ಅನ್ನುತ್ತದೆ ಐತಿಹ್ಯ. ಹೆಣ್ಣು ಹುಲಿಯಾದವಳು ಅವರ ಶಿಷ್ಯೆ ಯೇಶೆ ಸೋಗ್ಯಾಲ್. ಈ ಬಂಡೆಯ ಗುಹೆಯಲ್ಲಿ ಮೂರು ವರ್ಷ, ಮೂರು ತಿಂಗಳು, ಮೂರು ವಾರ, ಮೂರು ದಿನ, ಮೂರು ಗಂಟೆ ಧ್ಯಾನಕ್ಕೆ ಕೂತರಂತೆ. ಆ ಗುಹೆಯ ಸುತ್ತ 1692ರಲ್ಲಿ ಮಠ ಕಟ್ಟಿಸಿದವರು ಆಗ ಭೂತಾನನ್ನು ಆಳುತ್ತಿದ್ದ ಗ್ಯಾಲ್ಸೆ ತೆಂಜಿನ್ ರಾಬ್ಗ್ಯೆ.

“ಮುನ್ನೂರು ವರ್ಷದ ಮೇಲಾಯ್ತು! ನೋಡ್ರೋ, ಒಂದು ಬಿರುಕಿಲ್ಲ” ಅಂದಳು ಮೈಸೂರಿನವಳು, ಸಿವಿಲ್ ಕಣ್ಣಿನಿಂದ ನೋಡುತ್ತ.

ಗೈಡ್ ಲೋಟ ಕೆಳಗಿಟ್ಟ. “ಮ್ಯಾಡಂ, ಈಗ ಕಾಣ್ತಿರೋದು 1692ರದ್ದಲ್ಲ ಲಾ. ಅದು ಸುಟ್ಟುಹೋಯ್ತು.”

ಇದೇ ಫೋಟೋ ಹೇಳದ ಎರಡನೇ ಸಂಗತಿ. 1998ರ ಏಪ್ರಿಲ್ 19ರಂದು ಮಠಕ್ಕೆ ಬೆಂಕಿ ಬಿತ್ತು. ಬೆಣ್ಣೆ ದೀಪದಿಂದಲೋ, ವಿದ್ಯುತ್ ತಂತಿಯಿಂದಲೋ ಅನ್ನುವ ಅನುಮಾನವಿತ್ತು. ಮರದ ತೊಲೆ, ಮರದ ಕಂಬ, ಬಟ್ಟೆಯ ಚಿತ್ರಗಳು, ಬೆಣ್ಣೆ; ಉರಿಯಲು ಇನ್ನೇನು ಬೇಕು? ರಸ್ತೆಯೇ ಇಲ್ಲದ ಬಂಡೆಯ ನೆತ್ತಿಗೆ ಅಗ್ನಿಶಾಮಕದವರು ಹೋಗುವುದಾದರೂ ಹೇಗೆ? ಮುಖ್ಯ ಕಟ್ಟಡಗಳು ನಾಶವಾದವು. “ನನಗೆ ಆಗ ಏಳು ವರ್ಷ. ಅಜ್ಜಿ ಅಂಗಳದಲ್ಲಿ ನಿಂತು ಬೆಟ್ಟದ ಕಡೆ ನೋಡಿ ಅಳ್ತಿದ್ದಳು. ಯಾರು ತೀರಿಹೋದರು ಅಂತ ಕೇಳಿದ್ದೆ ನಾನು” ಅಂದ.

ಮತ್ತೆ ಕಟ್ಟಿದರು. ಅದೇ ಬಂಡೆಯ ಮೇಲೆ, ಅದೇ ಆಕಾರದಲ್ಲಿ, ಅದೇ ಹಳೆಯ ಕಸುಬಿನಲ್ಲಿ. 2005ಕ್ಕೆ ಕೆಲಸ ಮುಗಿಯಿತು. ಅಂದರೆ ಕ್ಯಾಲೆಂಡರಿನಲ್ಲಿ, ಸ್ಟೇಟಸ್ಸಿನಲ್ಲಿ ನಾವೆಲ್ಲ ನೋಡಿ ‘ಎಷ್ಟು ಪುರಾತನ’ ಅನ್ನುವ ಆ ಗೋಡೆ, ಚಾವಣಿಯ ಬಹುಪಾಲು ನಮಗಿಂತ ಚಿಕ್ಕ ವಯಸ್ಸಿನದು.

ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಹುಬ್ಬಳ್ಳಿಯವನು ಕನ್ನಡದಲ್ಲಿ, ಮೆಲ್ಲಗೆ, “ಹಂಗಾದ್ರ ಇಷ್ಟು ದೂರದಿಂದ ಬಂದು ನಾವು ನೋಡಾಕತ್ತಿದ್ದು ಡೂಪ್ಲಿಕೇಟ್ ಏನಲೇ?” ಅಂದ.

ತೀರ್ಥಹಳ್ಳಿಯವನು ಅವತ್ತು ಬೆಳಿಗ್ಗೆಯಿಂದ ಮೊದಲ ಸಲ ತಲೆಯೆತ್ತಿ, “ನಾನೂ ಅದನ್ನೇ ಕೇಳ್ಕೊಳ್ತಾ ಇರೋದು” ಅಂದ. ಅವನು ಮಠದ ಬಗ್ಗೆ ಹೇಳುತ್ತಿರಲಿಲ್ಲ. “ತೊಟ್ಟಿ, ಜಗುಲಿ ಎಲ್ಲ ಇದ್ದ ಹಾಗೇ ಹೊಸದಾಗಿ ಕಟ್ಟಿಸಬಹುದು, ದುಡ್ಡು ಹೊಂದಿಸಬಹುದು. ಆದ್ರೆ ಕಟ್ಟಿದ ಮೇಲೆ ಅದು ಅಪ್ಪನ ಮನೆ ಹೇಗಾಗುತ್ತೆ ಮಾರಾಯ? ನಾಟಕದ ಸೆಟ್ಟಿನ ಹಾಗೆ ಆಗಲ್ವಾ? ಅದಕ್ಕಿಂತ ಅಣ್ಣ ಹೇಳೋ ಹಾಗೆ ಕೆಡವೋದೇ ಸರಿ ಅನ್ಸುತ್ತೆ.”

ಇಂಥ ಪ್ರಶ್ನೆಗೆ ಗೆಳೆಯರ ಹತ್ತಿರ ರೆಡಿ ಉತ್ತರ ಇರುವುದಿಲ್ಲ. ಇದ್ದರೂ ಹೇಳಬಾರದು. ಎದ್ದು ಬ್ಯಾಗ್ ಹಾಕಿಕೊಂಡೆವು.

ಹತ್ತಿದ್ದನ್ನು ಇಳಿದು, ಇಳಿದದ್ದನ್ನು ಹತ್ತಿ

ಕೆಫೆಟೇರಿಯಾದಿಂದ ಇನ್ನೊಂದು ಗಂಟೆ ಹತ್ತಿದರೆ ಎದುರು ಬಂಡೆಯ ಅಂಚು ಬರುತ್ತದೆ. ಎಲ್ಲರೂ ಆ ಪ್ರಸಿದ್ಧ ಫೋಟೋ ತೆಗೆಯುವುದು ಇಲ್ಲಿಂದಲೇ. ಮಠ ನಮ್ಮ ಕಣ್ಣಿನ ಮಟ್ಟದಲ್ಲೇ ಇದೆ, ಕೂಗಿದರೆ ಕೇಳುವಷ್ಟು ಹತ್ತಿರ. ಬಂದೇಬಿಟ್ಟೆವು ಅನ್ನುವಷ್ಟರಲ್ಲಿ ಗೊತ್ತಾಗುತ್ತದೆ, ನಡುವೆ ಒಂದು ಕಮರಿ ಇದೆ. ಕಷ್ಟಪಟ್ಟು ಗಳಿಸಿದ ಎತ್ತರವನ್ನೆಲ್ಲ ಬಿಟ್ಟುಕೊಟ್ಟು ನೂರಾರು ಮೆಟ್ಟಿಲು ಇಳಿಯಬೇಕು, ಜಲಪಾತದ ಮುಂದಿನ ಪುಟ್ಟ ಸೇತುವೆ ದಾಟಬೇಕು, ಮತ್ತೆ ಹತ್ತಬೇಕು. “ಇದನ್ನ ಡಿಸೈನ್ ಮಾಡಿದೋರಿಗೆ ಭಕ್ತರ ಮೇಲೆ ಏನೋ ಸಿಟ್ಟಿತ್ತು ಕಣ್ರೋ” ಅಂದಳು ಮೈಸೂರಿನವಳು, ಕಂಬಿ ಹಿಡಿದುಕೊಂಡು.

ಮೆಟ್ಟಿಲ ಪಕ್ಕದ ಬಂಡೆಯ ಸಂದುಗಳಲ್ಲಿ ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟ ಮಣ್ಣಿನ ಗೋಪುರಗಳು ಸಾಲಾಗಿದ್ದವು. ಕೆಲವಕ್ಕೆ ಬಣ್ಣ, ಕೆಲವು ಬರೀ ಮಣ್ಣು. ಮಕ್ಕಳು ಆಡಲು ಮಾಡಿಟ್ಟ ಹಾಗೆ ಕಾಣುತ್ತವೆ. ‘ಸಾ-ಸಾ’ ಅಂತ ಅವಕ್ಕೆ ಹೆಸರು. ತೀರಿಹೋದವರ ಚಿತಾಭಸ್ಮವನ್ನು ಮಣ್ಣಿಗೆ ಕಲಸಿ, ಅಚ್ಚು ಒತ್ತಿ, ಇಂಥ ಪವಿತ್ರ ಜಾಗದಲ್ಲಿ ತಂದು ಇಡುತ್ತಾರೆ ಅಂತ ಗೈಡ್ ಹೇಳಿದ.

ತೀರ್ಥಹಳ್ಳಿಯವನು ಬಗ್ಗಿ ನೋಡುತ್ತ ನಿಂತ. ಹೋದ ವರ್ಷ ಅಪ್ಪನ ಅಸ್ಥಿಯನ್ನು ಅವನು ತುಂಗೆಯಲ್ಲಿ ಬಿಟ್ಟು ಬಂದಿದ್ದ. “ಮಳೆ ಬಂದರೆ ಇವು ಕರಗಲ್ವಾ?” ಅಂತ ಕೇಳಿದ.

“ಕರಗಲೇಬೇಕಲ್ಲ ಲಾ” ಅಂದ ಗೈಡ್, ಅದರಲ್ಲಿ ಕೇಳುವಂಥದ್ದೇನಿದೆ ಅನ್ನುವ ಹಾಗೆ.

ಜಲಪಾತದ ತುಂತುರು ಮುಖಕ್ಕೆ ಬಡಿಯುತ್ತಿತ್ತು. ಸೇತುವೆಯ ಮೇಲೆ ನೂರಾರು ಬಾವುಟಗಳು ಒದ್ದೆಯಾಗಿ ಪಟಪಟ ಅನ್ನುತ್ತಿದ್ದವು. ಅವನ್ನೂ ಯಾರೂ ಬಿಚ್ಚಿ ಎತ್ತಿಡುವುದಿಲ್ಲ. ಬಿಸಿಲಿಗೆ ಬಣ್ಣ ಹೋಗಿ, ಗಾಳಿಗೆ ನೂಲು ನೂಲಾಗಿ ಹೋಗುತ್ತವೆ. ಪಕ್ಕದಲ್ಲಿ ಇನ್ಯಾರೋ ಹೊಸದು ಕಟ್ಟುತ್ತಾರೆ.

ಬೈಲಕುಪ್ಪೆಯ ಪರಿಚಯದ ಮುಖ

ಬಾಗಿಲಲ್ಲಿ ಫೋನು, ಕ್ಯಾಮೆರಾ, ಬ್ಯಾಗು ಎಲ್ಲವನ್ನೂ ಲಾಕರಿನಲ್ಲಿಟ್ಟು ಹೋಗಬೇಕು. ಒಳಗಿನ ಫೋಟೋ ಇಂಟರ್‌ನೆಟ್ಟಿನಲ್ಲಿ ಅಪರೂಪ ಯಾಕೆ ಅನ್ನುವುದಕ್ಕೆ ಇದೇ ಉತ್ತರ. ಚಪ್ಪಲಿ, ಬೂಟು ಬಿಟ್ಟು ಒಳಗೆ ಕಾಲಿಟ್ಟರೆ ಮರದ ನೆಲ ತಣ್ಣಗೆ ಕೊರೆಯುತ್ತದೆ. ಒಂದೇ ದೊಡ್ಡ ಗುಡಿ ಅಲ್ಲ. ಬಂಡೆ ಬಾಗಿದ ಹಾಗೆ ಬಾಗಿ, ಮೆಟ್ಟಿಲಿನಿಂದ ಮೆಟ್ಟಿಲಿಗೆ ಜೋಡಿಸಿದ ಹಲವು ಪುಟ್ಟ ಗುಡಿಗಳು. ಕೆಲವು ಕಡೆ ಗೋಡೆ ಮುಗಿದು ಬಂಡೆ ಶುರುವಾಗುವುದು ಎಲ್ಲಿ ಅಂತಲೇ ತಿಳಿಯುವುದಿಲ್ಲ.

ಗುರು ಧ್ಯಾನಕ್ಕೆ ಕೂತ ಗುಹೆಯ ಬಾಗಿಲು ಹೊಂಬಣ್ಣದ್ದು, ಮುಚ್ಚಿತ್ತು. ಅದರ ಮುಂದೆ ಕೂತೆವು. ಸನ್ಯಾಸಿಯೊಬ್ಬರು ಅಂಗೈಗೆ ಕೇಸರಿ ಪರಿಮಳದ ನೀರು ಹಾಕಿದರು. ಒಂದು ಗುಟುಕು ಕುಡಿದು ಉಳಿದದ್ದನ್ನು ತಲೆಗೆ ಸವರಿಕೊಳ್ಳುವುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ನಮ್ಮೂರ ತೀರ್ಥವೇ.

ಮುಂದಿನ ಗುಡಿಯಲ್ಲಿ ಪದ್ಮಸಂಭವರ ಮೂರ್ತಿ. ಅಗಲ ಕಣ್ಣು, ತೆಳು ಮೀಸೆ, ಕಮಲದ ಟೋಪಿ. “ಇವರನ್ನ ಎಲ್ಲೋ ನೋಡಿದೀನಲ್ಲ” ಅಂತ ಹುಬ್ಬಳ್ಳಿಯವನು ಪಿಸುಗುಟ್ಟಿದ. ನೋಡದೆ ಏನು! ಕರ್ನಾಟಕದ ಶಾಲಾ ಪ್ರವಾಸದ ಬಸ್ಸು ಹತ್ತಿದವರೆಲ್ಲ ಇವರನ್ನು ನೋಡಿದ್ದೇವೆ. ಬೈಲಕುಪ್ಪೆಯ ಗೋಲ್ಡನ್ ಟೆಂಪಲ್‌ನಲ್ಲಿ ನಡುವೆ ಬುದ್ಧ, ಅಕ್ಕಪಕ್ಕ ಇಬ್ಬರು. ಅವರಲ್ಲಿ ಒಬ್ಬರು ಅಮಿತಾಯುಸ್, ಇನ್ನೊಬ್ಬರು ಇವರೇ. ಪುಳಿಯೋಗರೆ ಪೊಟ್ಟಣ ಬ್ಯಾಗಿನಲ್ಲಿಟ್ಟುಕೊಂಡು, ಕತ್ತು ಮೇಲೆತ್ತಿ ನೋಡಿ, ಹೆಸರು ಕೇಳದೆ ಬಂದಿದ್ದ ಮುಖ. ಇಷ್ಟು ದೂರ ಬಂದು ಪರಿಚಯದವರೊಬ್ಬರು ಸಿಕ್ಕ ಹಾಗಾಯಿತು.

ಬೈಲಕುಪ್ಪೆಯ ಆ ನಾಮ್‌ಡ್ರೋಲಿಂಗ್ ಮಠದ ಹಿಂದೆಯೂ ಇಂಥದ್ದೇ ಕಥೆ ಇದೆ. ಟಿಬೆಟ್ಟಿನ ಪಲ್ಯುಲ್ ಮಠದ ಪೆನೋರ್ ರಿನ್ಪೋಚೆ 1959ರಲ್ಲಿ ನೆಲ ಬಿಟ್ಟು ಬರಬೇಕಾಯಿತು. 1963ರಲ್ಲಿ ಬೈಲಕುಪ್ಪೆಯಲ್ಲಿ ಪಲ್ಯುಲ್‌ನ ಎರಡನೇ ಪೀಠ ಶುರುಮಾಡಿದರು. ಮೊದಲು ಇದ್ದದ್ದು ಬಿದಿರಿನ ಒಂದು ಪುಟ್ಟ ಗುಡಿ. ಹಳೆಯ ಮಠದ ಒಂದು ಕಲ್ಲೂ ಅಲ್ಲಿಂದ ಮೈಸೂರು ಸೀಮೆಗೆ ಬರಲಿಲ್ಲ. ಬಂದದ್ದು ಪಾಠ, ಪೂಜೆ, ಗುರು, ಶಿಷ್ಯರು. ಇವತ್ತು ಅಲ್ಲಿ ಸಾವಿರಾರು ಸನ್ಯಾಸಿಗಳು ಕಲಿಯುತ್ತಾರೆ. ಅದನ್ನು ಯಾರೂ ಡೂಪ್ಲಿಕೇಟ್ ಅನ್ನುವುದಿಲ್ಲ.

ಬೆಣ್ಣೆ ದೀಪ ಹಚ್ಚಲು ಬೇರೆಯೇ ಒಂದು ಕೋಣೆ ಇತ್ತು. ಬೆಂಕಿ ಕಲಿಸಿದ ಪಾಠ ಇರಬೇಕು. ತೀರ್ಥಹಳ್ಳಿಯವನು ಒಳಗೆ ಹೋಗಿ ಒಂದು ದೀಪ ಹಚ್ಚಿದ. ನಾವು ಮೂವರು ಹೊರಗೇ ನಿಂತೆವು. ಎಷ್ಟು ಹೊತ್ತು ಅಂತ ಗೊತ್ತಿಲ್ಲ, ಸಮಯ ನೋಡಲು ಕೈಯಲ್ಲಿ ಫೋನಿರಲಿಲ್ಲ.

ಇಳಿಯುವಾಗ ಸಿಕ್ಕ ಮಾತು

ಇಳಿಯುವ ದಾರಿಯಲ್ಲಿ ಮಾತು ತಾನಾಗಿಯೇ ಶುರುವಾಯಿತು. ತೀರ್ಥಹಳ್ಳಿಯವನು ಗೈಡನ್ನು ಕೇಳಿದ: “ಮತ್ತೆ ಕಟ್ಟುವಾಗ ಹಳೇ ಕೆಲಸ ಗೊತ್ತಿದ್ದವರು ಇದ್ದರಾ?”

“ಇದ್ದರು ಲಾ. ಇಲ್ಲದಿದ್ದರೆ ಹೇಗೆ ಕಟ್ಟುವುದು? ನಮ್ಮಲ್ಲಿ ಯಾವಾಗಲೂ ಏನಾದರೂ ಸುಡುತ್ತಲೇ ಇರುತ್ತದೆ.”

ನಗುತ್ತ ಹೇಳಿದನಾದರೂ ಅದು ನಿಜ. ಪಾರೊ ಪಟ್ಟಣದ ನೆತ್ತಿಯಲ್ಲಿರುವ ರಿನ್‌ಪುಂಗ್ ಜೊಂಗ್ ಅನ್ನುವ ಕೋಟೆ-ಮಠ 1907ರಲ್ಲಿ ಸುಟ್ಟು ಹೋಗಿ ಮತ್ತೆ ಎದ್ದದ್ದು. ಕಣಿವೆಯ ಮೇಲ್ತುದಿಯ ಡ್ರುಕ್‌ಗ್ಯೆಲ್ ಜೊಂಗ್ 1649ರದ್ದು, 1951ರಲ್ಲಿ ಸುಟ್ಟಿತು. ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಬರೀ ಮೋಟುಗೋಡೆಯಾಗಿ ನಿಂತಿದ್ದದ್ದನ್ನು 2016ರಿಂದ ಮತ್ತೆ ಕಟ್ಟಲು ಕೈಹಾಕಿದರು. ಮರದಲ್ಲಿ ಕಟ್ಟುವ, ದೀಪ ಹಚ್ಚುವ ದೇಶಕ್ಕೆ ಬೆಂಕಿ ಹೊಸದಲ್ಲ. ಹಾಗಾಗಿಯೇ ಕಟ್ಟುವ ಕೈಗಳನ್ನು ಅದು ಕಳೆದುಕೊಳ್ಳಲು ಬಿಟ್ಟಿಲ್ಲ. ಥಿಂಪುವಿನಲ್ಲಿ ಕೇಳಿದ ಉಳಿಯ ಸದ್ದು ನನಗೆ ಆಗ ನೆನಪಾಯಿತು.

ನಾವು ಹಳೆಯದು ಅಂದರೆ ಹಳೆಯ ಕಲ್ಲು, ಹಳೆಯ ಮರ ಅಂದುಕೊಳ್ಳುತ್ತೇವೆ. ಹಂಪಿಯ ನಾಡಿನವರಿಗೆ ಅದು ಸಹಜವೇ. ಕಲ್ಲು ಉಳಿಯುತ್ತದೆ, ಕೆತ್ತಿದವರು ಹೋಗುತ್ತಾರೆ. ತಕ್ಸಾಂಗ್‌ನಲ್ಲಿ ಅದು ತಿರುಗಾಮುರುಗಾ. ಮರ ಹೋಯಿತು, ಕೆತ್ತುವವರು ಉಳಿದರು. ಅದಕ್ಕೇ ಏಳು ವರ್ಷದೊಳಗೆ ಆ ಬಂಡೆಯ ಮೇಲೆ ಮತ್ತೆ ಚಾವಣಿ ಬಂತು. ಪಾರೊದ ಅಜ್ಜಿಯಂದಿರು ಈಗ ಹತ್ತಿ ಹೋಗಿ ಕೈಮುಗಿಯುವುದು ಹೊಸ ಗೋಡೆಗಳ ನಡುವೆ, ಹಳೆಯ ತಕ್ಸಾಂಗ್‌ಗೇ. ಅವರಿಗೆ ಅದರಲ್ಲಿ ಗೊಂದಲವೇ ಇಲ್ಲ.

ಇದನ್ನು ಹೀಗೆ ಬಿಡಿಸಿ ನಾನು ಅವನಿಗೆ ಹೇಳಲಿಲ್ಲ. ಮೈಸೂರಿನವಳು ಮಾತ್ರ ತನ್ನ ಲೆಕ್ಕದಲ್ಲಿ ಹೇಳಿದಳು: “ನೋಡೋ, ಮನೆ ಪೂರ್ತಿ ಬಿದ್ದಿಲ್ಲ. ಒಂದು ಪಕ್ಕ ಬಿದ್ದಿದೆ. ಕಂಬಗಳು ಗಟ್ಟಿ ಇದಾವಾ, ಗೆದ್ದಲು ಎಲ್ಲಿಯವರೆಗೆ ಹೋಗಿದೆ, ಮೊದಲು ಅದನ್ನ ನೋಡ್ಬೇಕು. ನಾನೇ ಬರ್ತೀನಿ. ಅಪ್ಪನ ಮನೆ ಆಗುತ್ತೋ ಇಲ್ವೋ ಆಮೇಲೆ ಯೋಚ್ನೆ ಮಾಡು.”

“ಕೆಲಸ ಗೊತ್ತಿದ್ದೋರು ಯಾರಿದಾರೆ ಈಗ” ಅಂದ ಅವನು.

“ಕಟ್ಟಿದವರ ಮಕ್ಕಳು, ಮೊಮ್ಮಕ್ಕಳು ಊರಾಗ ಇರಬೇಕಲ್ಲಲೇ” ಅಂದ ಹುಬ್ಬಳ್ಳಿಯವನು.

ಅವತ್ತು ರಾತ್ರಿ ಊಟಕ್ಕೆ ಎಮಾ ದಾತ್ಶಿ. ಮೆಣಸಿನಕಾಯಿಯನ್ನೇ ತರಕಾರಿ ಮಾಡಿ ಚೀಸಿನಲ್ಲಿ ಬೇಯಿಸಿದ ಪಲ್ಯ. ಬ್ಯಾಡಗಿಯ ಕಡೆಯವರಿಗೆ ಖಾರ ಅಂದರೆ ಲೆಕ್ಕಕ್ಕಿಲ್ಲ ಅಂತ ಕೊಚ್ಚಿಕೊಂಡಿದ್ದ ಹುಬ್ಬಳ್ಳಿಯವನು ಕಣ್ಣು ಮೂಗಿನಲ್ಲಿ ನೀರು ಸುರಿಸುತ್ತ ಎರಡು ಸಲ ಹಾಕಿಸಿಕೊಂಡ. ಊಟದ ನಡುವೆ ತೀರ್ಥಹಳ್ಳಿಯವನು ಎದ್ದು ಹೊರಗೆ ಹೋಗಿ ಫೋನು ಮಾಡಿದ. ಅಣ್ಣನಿಗಲ್ಲ, ಅಮ್ಮನಿಗೆ. ಬಾಗಿಲ ಸಂದಿನಿಂದ ಕೇಳಿಸಿತು: “ಅಮ್ಮಾ, ನಮ್ಮನೆ ಮಾಡು ಕಟ್ಟಿದ್ರಲ್ಲ ಆಚಾರ್ರು, ಅವರ ಮನೇಲಿ ಈಗ ಯಾರು ಕೆಲಸ ಮಾಡ್ತಾರೆ?”

ಮಾರನೇ ದಿನ ಡ್ರುಕ್‌ಗ್ಯೆಲ್ ಜೊಂಗ್ ಕಡೆ ಹೋದೆವು. ಎದ್ದು ನಿಂತ ಹೊಸ ಗೋಡೆಗಳನ್ನು ಅವನು ಎಲ್ಲರಿಗಿಂತ ಹೆಚ್ಚು ಹೊತ್ತು ನೋಡಿದ. ನಾವು ಕಣಿವೆಯ ಫೋಟೋ ತೆಗೆಯುತ್ತಿದ್ದರೆ ಅವನು ತೊಲೆಗೆ 
ತೊಲೆ ಕೂಡಿಸಿದ ಜಾಗವನ್ನು ಝೂಮ್ ಮಾಡಿ ಮಾಡಿ ತೆಗೆಯುತ್ತಿದ್ದ.

ಮನೆ ಏನಾಯಿತು ಅಂತ ಕೇಳುತ್ತೀರಿ. ಇನ್ನೂ ಏನೂ ಆಗಿಲ್ಲ. ದೀಪಾವಳಿಗೆ ಅಣ್ಣತಮ್ಮಂದಿರು ಕೂತು ಮಾತಾಡಿದ್ದಾರೆ, ಮಳೆಗಾಲದವರೆಗೆ ಕೆಡವುವುದು ಬೇಡ ಅಂತಾಗಿದೆ. ಆಚಾರ್ರ ಮೊಮ್ಮಗ ಕೊಪ್ಪದಲ್ಲಿ ಫರ್ನಿಚರ್ ಅಂಗಡಿ ಇಟ್ಟಿದ್ದಾನಂತೆ. ‘ಅಜ್ಜನ ಜತೆ ಮಾಡು ಹತ್ತಿದ್ದೆ, ನೋಡೋಣ ಬನ್ನಿ’ ಅಂದಿದ್ದಾನಂತೆ. ಮೈಸೂರಿನವಳು ಟೇಪು ಹಿಡಿದು ಒಮ್ಮೆ ಹೋಗಿಬಂದಿದ್ದಾಳೆ. ನಮ್ಮ ಗ್ರೂಪಿನ ಹೆಸರು ಈಗ ‘ತೊಟ್ಟಿಮನೆ’.

ನೀವು ಹೋಗುವುದಾದರೆ

* ಭಾರತೀಯರಿಗೆ ವೀಸಾ ಬೇಡ, ಪ್ರವೇಶ ಪರವಾನಗಿ ಬೇಕು. ಅದಕ್ಕೆ ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ಇಟ್ಟುಕೊಳ್ಳಿ. ಆಧಾರ್ ನಂಬಿ ಹೋಗಬೇಡಿ.

* 2022ರಿಂದ ಭಾರತೀಯರೂ ತಲೆಗೆ, ರಾತ್ರಿಗೆ 1,200 ರೂಪಾಯಿಯಂತೆ ಸುಸ್ಥಿರ ಅಭಿವೃದ್ಧಿ ಶುಲ್ಕ ಕಟ್ಟಬೇಕು. ಬಜೆಟ್ ಹಾಕುವಾಗ ಮೊದಲು ಇದನ್ನು ಬರೆದುಕೊಳ್ಳಿ. ಹೊರಡುವ ಮುನ್ನ ಈಗಿನ ದರ ಎಷ್ಟು ಅಂತ ಒಮ್ಮೆ ಖಚಿತ ಮಾಡಿಕೊಳ್ಳಿ.

* ಮಾರ್ಚ್‌ನಿಂದ ಮೇ, ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಒಳ್ಳೆಯ ಕಾಲ. ವಸಂತದಲ್ಲಿ ದಾರಿಯುದ್ದ ರೋಡೊಡೆಂಡ್ರಾನ್ ಹೂವು, ಅಕ್ಟೋಬರಿನಲ್ಲಿ ತಿಳಿ ಆಕಾಶ.

* ತಕ್ಸಾಂಗ್ ಅನ್ನು ಪ್ರವಾಸದ ಕೊನೆಗೆ ಇಟ್ಟುಕೊಳ್ಳಿ. ಎತ್ತರಕ್ಕೆ ಒಗ್ಗಲು ಮೈಗೆ ಎರಡು ದಿನ ಕೊಡಿ. ಹೋಗಿ ಬರಲು ಐದಾರು ಗಂಟೆ ಬೇಕು, ಬೆಳಿಗ್ಗೆ ಎಂಟರೊಳಗೆ ಹತ್ತಲು ಶುರುಮಾಡಿ. ಮಧ್ಯಾಹ್ನ ಸ್ವಲ್ಪ ಹೊತ್ತು ಬಾಗಿಲು ಹಾಕುವುದುಂಟು.

* ಟಿಕೆಟ್ ಕೆಳಗೇ ತೆಗೆದುಕೊಳ್ಳಬೇಕು, ಮೇಲೆ ಸಿಗುವುದಿಲ್ಲ. ಒಳಗೆ ಹೋಗಲು ಪೂರ್ತಿ ತೋಳಿನ ಅಂಗಿ, ಉದ್ದ ಪ್ಯಾಂಟು ಇರಲಿ. ದಪ್ಪ ಸಾಕ್ಸ್ ಮರೆಯಬೇಡಿ, ಮರದ ನೆಲ ನಿಜಕ್ಕೂ ತಣ್ಣಗಿರುತ್ತದೆ.

* ಗುಂಪಿನಲ್ಲಿ ಯಾರು ಎಲ್ಲರಿಗಿಂತ ನಿಧಾನವೋ ಅವರನ್ನು ಮುಂದೆ ಬಿಡಿ. ಅವರ ಹೆಜ್ಜೆಗೆ ಉಳಿದವರು ನಡೆದರೆ ಎಲ್ಲರೂ ಮೇಲೆ ತಲುಪುತ್ತೀರಿ.